ಹೋಗುವ ಮುಂಚೆ ಹಚ್ಚಿದ ಬಣ್ಣ

ಮನೆ ಬಿಟ್ಟು ಹೋಗುವುದು ಖಾತ್ರಿಯಾದ ಮೇಲೆಯೇ ಅದನ್ನು ಚೆಂದ ಮಾಡುವ ಬುದ್ಧಿ ಮನುಷ್ಯನಿಗೆ ಬರುತ್ತದೆ. ನನಗಂತೂ ಹಾಗೆಯೇ ಬಂತು. ಬೀದರಿನ ಚಿದ್ರಿಯಲ್ಲಿರುವ ನಮ್ಮ ಮನೆಯ ಗೋಡೆಗಳು ಪುಡಿ ಉದುರಿಸಿ ಉದುರಿಸಿ ನನ್ನ ಅಂಗಿಗಳ ಬೆನ್ನನ್ನೆಲ್ಲ ಬೆಳ್ಳಗೆ ಮಾಡಿದ್ದವು. ಹೆಂಡತಿ ಸುಮನ್ ವರ್ಷಾವರ್ಷ ಬಣ್ಣದ ಮಾತೆತ್ತುತ್ತಿದ್ದಳು, ನಾನು ವರ್ಷಾವರ್ಷ 'ದೀಪಾವಳಿಗೆ ನೋಡೋಣು' ಎನ್ನುತ್ತಿದ್ದೆ. ಯಾವ ದೀಪಾವಳಿ ಎಂದು ಹೇಳುತ್ತಿರಲಿಲ್ಲ, ಅಷ್ಟೆ. ಆ ವರ್ಷ ಬರಗಾಲ ಬಿದ್ದು, ನೀರಿಲ್ಲದೆ ಊರ ಪಕ್ಕದ ಕೊಳಾರದಲ್ಲಿದ್ದ ನಮ್ಮ ಕಾರ್ಖಾನೆ ಮುಚ್ಚಿತು. ಪುಣೆಯ ಗೋದಾಮೊಂದರಲ್ಲಿ ಕೆಲಸ ಸಿಕ್ಕಿತು. ಮನೆಯನ್ನು ಬಾಡಿಗೆಗೆ ಕೇಳಿದ ಭಾಲ್ಕಿಯ ಮಾಸ್ತರರು, "ಬಣ್ಣ ಹಚ್ಚಿ ಕೊಟ್ರ ಬರ್ತೇನ್ರಿ" ಅಂದರು.

ಊರಿನ ಪೇಂಟರ್‌ಗಳೆಲ್ಲ ಆಗಲೇ ಕೆಲಸ ಹುಡುಕಿ ಹೈದರಾಬಾದಿಗೆ ಹೋಗಿದ್ದರು. ನಾನೇ ರೋಲರ್ ಹಿಡಿದೆ. ಬಣ್ಣದಂಗಡಿಯವನು ಒಂದೇ ಮಾತು ಹೇಳಿದ್ದ: "ನಡುವ ನಿಂದರಬ್ಯಾಡ್ರಿ. ಹಸಿ ಅಂಚಿಗೆ ಹಸಿ ಬಣ್ಣಾನೇ ಕೂಡಬೇಕು, ಒಣಗಿದ್ರ ಗೆರಿ ಬೀಳ್ತದ." ಅರ್ಧ ಗೋಡೆ ಮುಗಿಯುವಷ್ಟರಲ್ಲಿ ಬೀದಿಯಲ್ಲಿ ನೀರಿನ ಟ್ಯಾಂಕರಿನ ಹಾರ್ನ್. ಕೊಡ ಹಿಡಿದು ಇಬ್ಬರೂ ಓಡಿದೆವು. ಮರಳಿ ಬಂದು ಉಳಿದದ್ದನ್ನು ಹಚ್ಚಿದರೆ ಪಡಸಾಲೆಯ ಗೋಡೆಗೆ ಉದ್ದಕ್ಕೊಂದು ಗೆರೆ. ಔರಾದ ಕಡೆಯ ಡಾಬಕಾದಲ್ಲಿ, ಮಹಾರಾಷ್ಟ್ರದ ಗಡಿಯ ಪಕ್ಕದಲ್ಲೇ ಬೆಳೆದ ಸುಮನ್, "ನಮ್ಮೂರ ಗಡಿನೂ ಇಷ್ಟು ಎದ್ದು ಕಾಣೂದಿಲ್ಲ" ಅಂದಳು. ಎಷ್ಟೋ ದಿನದ ಮೇಲೆ ಇಬ್ಬರೂ ನಕ್ಕೆವು. ಎರಡನೇ ಕೋಟು ಕೊಟ್ಟು ಗೆರೆ ಮುಚ್ಚಿದೆ.

ಛಾವಣಿಗೆ ಬಣ್ಣ ಹಚ್ಚುವ ದಿನ ನಾನು ಅಲುಗಾಡುವ ಸ್ಟೂಲಿನ ಮೇಲೆ, ಅವಳು ಅದನ್ನು ಹಿಡಿದು ಕೆಳಗೆ. ಕಿಟಕಿಯ ಕಡೆಯಿಂದ ಬಣ್ಣದ ಪಟ್ಟಿಗೆ ಪಟ್ಟಿ ಕೂಡಿಸುತ್ತ ನಡುವಿಗೆ ಬಂದಾಗ ಮತ್ತೆ ಹಾರ್ನ್. ನಾನು ಕಾಲು ಕೆಳಗಿಡಹೋದೆ.

"ಇಳೀಬ್ಯಾಡ್ರಿ," ಅಂದಳು.

"ನೀರು?"

"ನಾಳಿ ನೋಡೋಣು. ಇದೊಂದಾದ್ರೂ ಸರಿಯಾಗ್ಲಿ."

ಟ್ಯಾಂಕರ್ ಹೋಯಿತು. ಬಣ್ಣ ಒಣಗಿದಾಗ ಎಲ್ಲೂ ಗೆರೆಯಿಲ್ಲ, ಕಲೆಯಿಲ್ಲ. ತೊಳೆಯಲು ನೀರಿಲ್ಲದ ಬಣ್ಣದ ಕೈಗಳನ್ನು ಎದೆಯ ಮೇಲಿಟ್ಟುಕೊಂಡು ಸುಮನ್ ಬರೀ ನೆಲದ ಮೇಲೆ ಮಲಗಿ ಛಾವಣಿ ನೋಡಿದಳು. ಬಹಳ ಹೊತ್ತು ನೋಡಿದಳು. "ನಾವಿದ್ದಾಗ ಹಿಂಗ ಇರಬೇಕಿತ್ತು," ಅಂದಳು.

ಕೀಲಿ ಒಯ್ಯಲು ಬಂದ ಮಾಸ್ತರರು ಕತ್ತೆತ್ತಿ ನಿಂತೇಬಿಟ್ಟರು. "ಭಾರಿ ಕೈ ಅದ ನಿಮ್ಮ ಪೇಂಟರಂದು. ಭಾಲ್ಕಿ ಮನಿಗೂ ಹಚ್ಚಿಸಬೇಕಂತೇನಿ. ಎಲ್ಲಿ ಸಿಗ್ತಾನ್ರಿ ಅಂವ?"

ಗಂಟು ಕಟ್ಟುತ್ತಿದ್ದ ಸುಮನ್ ನನ್ನ ಮುಖ ನೋಡಿದಳು.

"ಸಿಗೂದಿಲ್ರಿ," ಅಂದೆ. "ಅಂವಾ ಪುಣೇಕ ಹೊಂಟಾನ."