ಹೃಷಿಕೇಶನ ತುರಿಕೆಗೆ ಮೂವತ್ತೊಂದು ಮಾರ್ಕ್ಸು

ಎಲ್ಲದಕ್ಕೂ ಕಾರಣ ಕಿರಣಕುಮಾರನ ಅರ್ಧ ತೋಳಿನ ಅಂಗಿ.

ಸಿಡ್ನಿಯ ಸ್ಕೋಫೀಲ್ಡ್ಸ್‌ನಲ್ಲಿ ಕನ್ನಡ ಸಂಘ ಸೇರಿದಾಗಲೆಲ್ಲ ಹೃಷಿಕೇಶ್ ಮತ್ತು ಕಿರಣಕುಮಾರ ಒಂದೇ ಮೂಲೆಯಲ್ಲಿ ಕೂತು ಎಂಟು ವರ್ಷ ಜೊತೆಯಾಗಿ ಕೆರೆದುಕೊಂಡವರು. ಇಬ್ಬರಿಗೂ ಎಕ್ಸಿಮಾ, ಇಬ್ಬರಿಗೂ ಬೇಸಿಗೆಯಲ್ಲೂ ತುಂಬು ತೋಳು. ಅಂಥ ಕಿರಣಕುಮಾರ ಕಳೆದ ತಿಂಗಳು ಅರ್ಧ ತೋಳಿನಲ್ಲಿ ಬಂದ. ಕೈ ಎರಡೂ ಸುಲಿದ ಬಾಳೆಹಣ್ಣಿನ ಹಾಗೆ ನುಣ್ಣಗಿದ್ದವು.

“ಸ್ಪೆಷಲಿಸ್ಟ್ ಇಂಜೆಕ್ಷನ್ ಕೊಟ್ರು ಕಣೋ. ಆಂಟಿಬಾಡಿ. ಎಕ್ಸಿಮಾಗೂ ಅದೇ, ಆಸ್ತಮಾಗೂ ಅದೇ. ಒಂದು ಡೋಸು, ಎರಡೇ ದಿನ!” ಎಂದ, ಎಲ್ಲರಿಗೂ ಕೇಳುವ ಹಾಗೆ.

ಮೈ ತುರಿಕೆಯನ್ನು ಹೇಗೋ ಸಹಿಸಿದ್ದ ಹೃಷಿಕೇಶನಿಗೆ ಈ ಹೊಟ್ಟೆಯುರಿ ಸಹಿಸಲಾಗಲಿಲ್ಲ. ಸಂಘದ ದೀಪಾವಳಿ ನಾಟಕದಲ್ಲಿ ಮೂರು ವರ್ಷದಿಂದ ಪೈಲ್ವಾನನ ಪಾತ್ರ ಅವನದು. ಮೈಬಣ್ಣದ ತುಂಬು ತೋಳಿನ ಬನಿಯನ್ ತೊಟ್ಟೇ ತೊಡೆ ತಟ್ಟಿ ಚಪ್ಪಾಳೆ ಗಿಟ್ಟಿಸಿದ್ದ. ಆದರೆ ನಾಟಕ ಆಡಿಸುವ, ಪಕ್ಕದ ಮನೆಯ ಹುಬ್ಬಳ್ಳಿಯ ಗೌರಕ್ಕ ಈಗ ಕಿರಣಕುಮಾರನ ತೋಳುಗಳನ್ನು ನೋಡಿಬಿಟ್ಟಿದ್ದರು.

“ಪೈಲ್ವಾನ ಅಂದಮ್ಯಾಲೆ ಬರೀ ಮೈಯಾಗ ನಿಲ್ಲಬೇಕ್ರಿ. ನಿಮಗೂ ಆ ಇಂಜೆಕ್ಷನ್ ಸಿಕ್ಕರ ಪಾರ್ಟು ನಿಮ್ದ. ಇಲ್ಲಾಂದ್ರ ಕಿರಣಕುಮಾರಂದು,” ಎಂದು ತೀರ್ಪು ಕೊಟ್ಟರು.

ಸ್ಪೆಷಲಿಸ್ಟ್ ಅಪಾಯಿಂಟ್‌ಮೆಂಟ್ ಸಿಕ್ಕಿದ್ದು ಗುರುವಾರ, ನಾಟಕ ಶನಿವಾರ. ಡಾಕ್ಟರು ಮೈಯೆಲ್ಲ ನೋಡಿ ಕಾಯಿಲೆ ಜೋರಾದಷ್ಟೂ ಹೆಚ್ಚು ಅಂಕ ಹಾಕುತ್ತಾರೆ, ಇಪ್ಪತ್ತು ದಾಟಿದವರಿಗೆ ಮಾತ್ರ ಇಂಜೆಕ್ಷನ್ ಎಂದು ಹೃಷಿಕೇಶ್ ಎಲ್ಲೋ ಓದಿಕೊಂಡ. ಸಿಇಟಿಯಲ್ಲಿ ಮೂರಂಕಿಯ ರ‍್ಯಾಂಕ್ ತೆಗೆದವನಿಗೆ ಅಷ್ಟು ಸಾಕಾಯಿತು. ಕ್ರೀಮಿನ ಟ್ಯೂಬು ಡ್ರಾಯರ್ ಸೇರಿತು. ಎರಡು ವಾರ ಉಣ್ಣೆಯ ಸ್ವೆಟರ್ ತೊಟ್ಟು ಮಲಗಿದ. ಗುರುವಾರ ಬೆಳಿಗ್ಗೆ ವಾಂಗೀಬಾತ್ ಬೇಕೆಂದು ಹಟ ಹಿಡಿದ.

“ಬದನೆಕಾಯಿ ನಂಜು ಅಂತ ಹತ್ತು ವರ್ಷ ಮುಟ್ಟಿಲ್ಲ ನೀವು!” ಎಂದಳು ಹೆಂಡತಿ ಗಗನಾ.

“ಇವತ್ತು ನಂಜೇ ಬೇಕು. ಇನ್ನೊಂದು ಸೌಟು ಹಾಕು.”

ವೆಸ್ಟ್‌ಮೀಡಿನ ಕ್ಲಿನಿಕ್ಕಿಗೆ ತಾವೇ ಡ್ರಾಪ್ ಕೊಡುವುದಾಗಿ ಗೌರಕ್ಕ ಹೊರಟು ನಿಂತರು. ಬೇಡವೆಂದರೆ ಕೇಳುವವರಲ್ಲ. ಮೊದಲ ಸಿಗ್ನಲ್ಲಿನಲ್ಲೇ ಅವನ ಕುತ್ತಿಗೆ ನೋಡಿ ಬೆಚ್ಚಿದರು.

“ಅಯ್ಯ, ಹೆಂಗ ಕೆಂಪಾಗೇದ! ಬ್ಯಾಗಿನಾಗ ಕೊಬ್ಬರಿ ಎಣ್ಣಿ ಐತಿ, ಹಚ್ಕೋರಿ.”

“ಬೇಡ ಗೌರಕ್ಕ, ಮಾರ್ಕ್ಸು ಹೋಗತ್ತೆ!”

ಎರಡನೇ ಸಿಗ್ನಲ್ಲಿನಲ್ಲಿ ಅವರೇ ಅಂಗೈ ತುಂಬ ಎಣ್ಣೆ ಸುರಿದು ಅವನ ಕುತ್ತಿಗೆಗೆ ಬಳಿದರು. ಕ್ಲಿನಿಕ್ಕಿನ ಟಾಯ್ಲೆಟ್ಟಿನಲ್ಲಿ ಒರಟು ಟಿಶ್ಯೂ ಹಿಡಿದು ತಿಕ್ಕಿ ತಿಕ್ಕಿ ಒರೆಸುವಷ್ಟರಲ್ಲಿ ಕುತ್ತಿಗೆ ಮೊದಲಿಗಿಂತ ಕೆಂಪಾಗಿತ್ತು. ಕನ್ನಡಿಯಲ್ಲಿ ನೋಡಿಕೊಂಡು ಹೃಷಿಕೇಶ್ ಗೌರಕ್ಕನಿಗೆ ಮನಸ್ಸಿನಲ್ಲೇ ಕೈಮುಗಿದ.

ಡಾಕ್ಟರಮ್ಮ ಕೈ, ಬೆನ್ನು, ಮೊಣಕಾಲ ಹಿಂದೆ ಎಲ್ಲ ನೋಡಿ, ಕೂಡಿ, “ಮೂವತ್ತೊಂದು” ಎಂದರು.

ಹೃಷಿಕೇಶ್ ಕೂತಲ್ಲೇ ಗಗನಾಳಿಗೆ “31!!” ಎಂದು ಮೆಸೇಜ್ ಕಳಿಸಿದ. “ಔಟ್ ಆಫ್ ಎಷ್ಟು?” ಎಂದು ಉತ್ತರ ಬಂತು.

“ಕ್ರೀಮು ದಿನಾ ಎರಡು ಸಲ ತಪ್ಪದೆ ಹಚ್ಚುತ್ತಿದ್ದೀರಲ್ಲ?” ಡಾಕ್ಟರು ಇಂಗ್ಲಿಷಿನಲ್ಲಿ ಕೇಳಿದರು.

“ಇಲ್ಲ ಡಾಕ್ಟರ್, ಎರಡು ವಾರದಿಂದ ಮುಟ್ಟೇ ಇಲ್ಲ!” ಎಂದ ಹೃಷಿಕೇಶ್, ತನ್ನ ಶ್ರಮ ಅವರಿಗೂ ತಿಳಿಯಲಿ ಎಂದು.

ಡಾಕ್ಟರು ಪೆನ್ನು ಕೆಳಗಿಟ್ಟರು. “ಆ ಇಂಜೆಕ್ಷನ್ ಇರುವುದು ಕ್ರೀಮು ಹಚ್ಚಿಯೂ ವಾಸಿಯಾಗದವರಿಗೆ. ನಾಲ್ಕು ವಾರ ಸರಿಯಾಗಿ ಹಚ್ಚಿಕೊಂಡು ಬನ್ನಿ. ಆಮೇಲೆ ಮತ್ತೆ ನೋಡೋಣ.”

ಕಾಲೆಳೆದುಕೊಂಡು ಹೊರಗೆ ಬಂದರೆ ವೇಟಿಂಗ್ ರೂಮಿನಲ್ಲಿ ಕಿರಣಕುಮಾರ ಕೂತಿದ್ದ. ಅವನ ತೊಡೆಯ ಮೇಲಿನ ಕವರಿನಲ್ಲಿ ಹೃಷಿಕೇಶನ ಡ್ರಾಯರಿನಲ್ಲಿದ್ದಂಥದೇ ಟ್ಯೂಬು.

“ಇದೇನೋ? ಇಂಜೆಕ್ಷನ್ ಎಲ್ಲಿ?”

ಕಿರಣಕುಮಾರ ಅವನನ್ನು ಮೂಲೆಗೆ ಎಳೆದ. “ಮೆಲ್ಲಗೆ ಮಾತಾಡೋ. ಡಾಕ್ಟರ್ ಹೇಳಿದ ಹಾಗೇ ತಿಂಗಳು ಪೂರ್ತಿ ಕ್ರೀಮ್ ಹಚ್ಚಿಬಿಟ್ಟೆ. ಹನ್ನೊಂದೇ ಬಂತು. ಫೇಲು! ಆಮೇಲೂ ಅದನ್ನೇ ಹಚ್ತಾ ಇದೀನಿ, ಇವತ್ತೂ ಚೆಕಪ್ಪಿಗೇ ಬಂದಿದ್ದು. ಇಂಜೆಕ್ಷನ್ ತಗೋತೀನಿ ಅಂತ ಅಷ್ಟು ಹೊತ್ತಿಗೆ ಸಂಘಕ್ಕೆಲ್ಲಾ ಹೇಳಾಗಿತ್ತು. ಹನ್ನೊಂದು ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ?”

ಅಂಥ ಹೊತ್ತಿನಲ್ಲೂ ಹೃಷಿಕೇಶನಿಗೆ ಒಳಗೊಳಗೇ ಖುಷಿಯಾಯಿತು. ಇವನಿಗಿಂತ ತನಗೆ ಇಪ್ಪತ್ತು ಹೆಚ್ಚು. ಆದರೆ ಆ ನುಣ್ಣನೆಯ ತೋಳು ಕಣ್ಣಿಗೆ ಬಿದ್ದದ್ದೇ ಖುಷಿ ಇಳಿದುಹೋಯಿತು.

ಅಷ್ಟರಲ್ಲಿ ಅಂತೂ ಕಾರು ನಿಲ್ಲಿಸಲು ಜಾಗ ಸಿಕ್ಕಿ ಗೌರಕ್ಕ ಒಳಗೆ ಬಂದರು. “ಏನಾತ್ರಿ? ಇಂಜೆಕ್ಷನ್ ಸಿಕ್ತೇನು?”

ಇಲ್ಲ ಎಂದರೆ ಪೈಲ್ವಾನ ಕಿರಣಕುಮಾರ. ಹೃಷಿಕೇಶನ ನಾಲಿಗೆ ತಾನಾಗಿ ಹೊರಳಿತು. “ಸಿಕ್ತು ಗೌರಕ್ಕ. ಡೋಸ್ ಕೂಡ ಆಯ್ತು.”

ಕಿರಣಕುಮಾರ ಹೌದೆಂದು ತಲೆಯಾಡಿಸಿದ. ಈ ಸುಳ್ಳನ್ನು ಬಿಚ್ಚಿದರೆ ಅವನ ಹನ್ನೊಂದೂ ಬಿಚ್ಚಿಕೊಳ್ಳುತ್ತಿತ್ತು.

“ಭಾಳ ಚಲೋ ಆತು!” ಗೌರಕ್ಕ ಅಲ್ಲೇ ನಿಂತು ಸಂಘದ ವಾಟ್ಸಾಪ್ ಗ್ರೂಪಿಗೆ ಹಾಕಿದರು: ‘ಪೈಲ್ವಾನನ ಪಾತ್ರ ಹೃಷಿಕೇಶ್ ಅವರದೇ. ಈ ಸಲ ಬನಿಯನ್ ಇಲ್ಲ.’ ಮೂವತ್ತು ಚಪ್ಪಾಳೆ ಬಿದ್ದವು. “ನಾಳಿದ್ದು ಶನಿವಾರ. ಒಂದು ಡೋಸಿಗೆ ಎರಡ ದಿನದಾಗ ಮೈ ಕನ್ನಡಿ ಆಗ್ತೈತಿ ಅಂದಿದ್ರಿ, ಹೌದಿಲ್ರಿ ಕಿರಣಕುಮಾರ?”

“ಎರಡೇ ದಿನ ಗೌರಕ್ಕ,” ಎಂದ ಕಿರಣಕುಮಾರ, ಟ್ಯೂಬಿನ ಕವರನ್ನು ಬೆನ್ನ ಹಿಂದೆ ಹಿಡಿದುಕೊಂಡು. “ನನಗೆ ಮೊದಲನೇ ಸಾಲಲ್ಲಿ ಒಂದು ಸೀಟು ಇಡಿ.”