ಸಾಹೇಬರ ಗಾಜಿನ ತೊಟ್ಟಿ

ಕೆಲವರು ಧೈರ್ಯದಿಂದ ಜವಾಬ್ದಾರಿ ಹೊರುತ್ತಾರೆ. ನಾನು ‘ಆಗಲ್ಲ’ ಅನ್ನುವ ಧೈರ್ಯ ಸಾಲದೆ ಹೊರುವವನು. ಮದುವೆಮನೆಗೆ ಹೋದರೆ ಉಗ್ರಾಣದ ಬೀಗದ ಕೈ ನನ್ನ ಜೇಬಿಗೆ ಬರುತ್ತದೆ. ಬಸ್ಸಿನಲ್ಲಿ ಕೂತರೆ ಯಾರದೋ ಮಗು ನನ್ನ ತೊಡೆಗೆ ಬರುತ್ತದೆ. ಹೀಗಾಗಿ ಅರವತ್ತರ ದಶಕದ ಕೊನೆಯಲ್ಲಿ, ನಾನು ಹನೂರಿನ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ, ಹದಿನೈದು ದಿನದ ತರಬೇತಿಗೆಂದು ಬೆಂಗಳೂರಿಗೆ ಹೊರಟ ನಮ್ಮ ಸಾಹೇಬರು ತಮ್ಮ ಮೀನಿನ ತೊಟ್ಟಿಯನ್ನು ನನಗೆ ಒಪ್ಪಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಗಾಜಿನ ತೊಟ್ಟಿ, ಅದರಲ್ಲಿ ಮೂರು ಚಿನ್ನದ ಬಣ್ಣದ ಮೀನು, ತಳದ ಮರಳಿನಲ್ಲಿ ನೆಟ್ಟ ಏಳು ಗಿಡ. ರಿಬ್ಬನ್ನಿನಂಥ ಉದ್ದ ಎಲೆಯ ಆ ಗಿಡಗಳನ್ನು ಸಾಹೇಬರು ಮೈಸೂರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ಹಿಂದಿನ ದಿನವಷ್ಟೇ ತಂದಿದ್ದರು. “ಮೀನು ಹೋದರೆ ಇನ್ನೊಂದು ತರಬಹುದು ಕಣ್ರೀ. ಗಿಡ ಏನಾದರೂ ಹೋಯಿತೋ...” ಎಂದು ಅರ್ಧಕ್ಕೆ ನಿಲ್ಲಿಸಿದರು. ಉಳಿದರ್ಧ ನನಗೆ ಗೊತ್ತಿತ್ತು. ಕೊಳ್ಳೇಗಾಲಕ್ಕೆ ವರ್ಗ ಬೇಡಿ ನಾನು ಬರೆದ ಅರ್ಜಿ ಅವರ ಶಿಫಾರಸಿಗಾಗಿ ಅವರದೇ ಮೇಜಿನ ಮೇಲೆ ಬಿದ್ದಿತ್ತು. ಹೆಂಡತಿ ಕಮಲ ಕೊಳ್ಳೇಗಾಲದಲ್ಲಿ ಟೀಚರು. ನೌಕರರು ಕೇಂದ್ರಸ್ಥಾನ ಬಿಡಕೂಡದೆಂಬುದು ಸಾಹೇಬರ ಕಟ್ಟಪ್ಪಣೆಯಾದ್ದರಿಂದ ನಾನು ಮನೆಗೆ ಹೋಗುತ್ತಿದ್ದುದು ಶನಿವಾರ ಮಾತ್ರ. ಹಿಂದಿನ ವಾರ ಎರಡು ವರ್ಷದ ಮಗಳು ನನ್ನನ್ನು ಬಾಗಿಲಲ್ಲಿ ಕಂಡು, “ಅಮ್ಮಾ, ಮಾಮ ಬಂತು” ಅಂದಿದ್ದಳು. ಕಮಲ ನಕ್ಕಳು.

ಸಾಹೇಬರು ಹೊರಟ ಮರುದಿನ ಬೆಳಿಗ್ಗೆ ಕಚೇರಿಯಲ್ಲಿ ಅವರ ಕೋಣೆಯ ಬಾಗಿಲು ತೆಗೆದರೆ ಏಳೂ ಗಿಡ ನೀರಿನ ಮೇಲೆ ತೇಲುತ್ತಿದ್ದವು. ಮೀನುಗಳು ಮರಳಿಗೆ ಮೂತಿ ಹಾಕಿ ಕೆದಕುತ್ತಿದ್ದವು. ತೋಳು ಮಡಿಸಿ ನೆಟ್ಟೆ. ಊಟ ಮಾಡಿ ಬರುವಷ್ಟರಲ್ಲಿ ನಾಲ್ಕು ಗಿಡ ಮತ್ತೆ ಮೇಲೆ. ಬುಡಕ್ಕೆ ಕಲ್ಲು ಹೇರಿದೆ; ಕಲ್ಲಿನಡಿ ತೂರಿ ಎಬ್ಬಿಸಿದವು. ಎಲೆ ಹಳದಿಯಾಗತೊಡಗಿತು. ಶನಿವಾರ ಮನೆಗೆ ಹೋದಾಗ ನನ್ನ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ. ಮಗ್ಗದ ಕೆಲಸದಲ್ಲೇ ತಲೆ ನರೆತ ನನ್ನ ಮಾವನವರು ಎಲ್ಲ ಕೇಳಿ, ಸೀರೆ ನೇಯ್ದು ಉಳಿದ ಜರಿ ಎಳೆಗಳನ್ನು ತಂದುಕೊಟ್ಟರು. “ನೂಲು ನೀರಲ್ಲಿ ಕೊಳೀತದೆ ಅಳಿಯಂದ್ರೆ. ಜರೀಲಿ ಗಿಡಾನ ಕಲ್ಗೆ ಬಿಗೀರಿ. ನಿಮ್ಮ ಮಗಳ ಮದ್ವೆಗಂಟ ಅಲ್ಲಾಡಕಿಲ್ಲ.”

ಸೋಮವಾರ ಬಿಗಿದೆ. ಕಿಟಕಿಯ ಬಿಸಿಲು ಬಿದ್ದು ಜರಿ ಥಳಥಳ ಹೊಳೆಯಿತು. ನಾನು ಹೆಮ್ಮೆಯಿಂದ ನೋಡುತ್ತಿದ್ದೆ, ಮೀನುಗಳೂ ನೋಡುತ್ತಿದ್ದವು. ಅದುವರೆಗೆ ಸುಮ್ಮನೆ ಕೆದಕುತ್ತಿದ್ದವಕ್ಕೆ ಈಗ ಒಂದು ಗುರಿ ಸಿಕ್ಕಿತು. ಹೊಳೆಯುವುದನ್ನೆಲ್ಲ ತಿಂಡಿಯೆಂದು ತಿಳಿದು ಮೂರೂ ಸೇರಿ ಎಳೆದವು. ಸಂಜೆಗೆ ಏಳು ಗಿಡ ಜರಿ ಸೆರಗು ಬಿಟ್ಟುಕೊಂಡು ಮೇಲೆ ಮೆರವಣಿಗೆ ಹೊರಟಿದ್ದವು.

ಕಚೇರಿಯ ಜವಾನ ಮಾದಯ್ಯ ಮಧುವನಹಳ್ಳಿಯ ಕಡೆಯವನು, ಗದ್ದೆ ಕಂಡವನು. ನನ್ನ ಪಾಡು ನೋಡಿ, “ಅಲ್ಲಾ ಸಾ, ನಾಟಿ ಆಗಿರೋ ಗದ್ದೆಗೆ ಯಾರಾರಾ ಎಮ್ಮೆ ಬುಟ್ಟಾರಾ? ಬೇರು ಕಚ್ಕೊಳಗಂಟ ಎಮ್ಮೆಗಳ ಕಟ್ಟಾಕಿ” ಅಂದ. ಓದಿದವನು ನಾನು! ಮೀನನ್ನು ಹೊರಗೆ ತೆಗೆಯಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಎಮ್ಮೆಗಳನ್ನು ನನ್ನ ಬಾಡಿಗೆ ಕೋಣೆಯ ಕುಡಿಯುವ ನೀರಿನ ಗುಡಾಣಕ್ಕೆ ಬಿಟ್ಟು, ನಾನು ಹೋಟೆಲಿನ ನೀರು ಕುಡಿದುಕೊಂಡಿದ್ದೆ. ಮಾದಯ್ಯ ಹೆಬ್ಬೆರಳಲ್ಲಿ ಒತ್ತಿ ಗಿಡ ನೆಟ್ಟ. ದಿನಕ್ಕೆ ಹತ್ತು ಸಲ ಹೋಗಿ ನೋಡುತ್ತಿದ್ದೆ.

ಮಾದಯ್ಯ ನೆಟ್ಟ ಆರನೆಯ ದಿನ, ಹೇಳಿದ್ದಕ್ಕಿಂತ ಮೂರು ದಿನ ಮೊದಲೇ, ಸಾಹೇಬರು ಬಂದಿಳಿದರು. ಟೋಪಿ ತೆಗೆಯುವ ಮುಂಚೆ ತೊಟ್ಟಿ ನೋಡಿದರು. “ಮೀನೆಲ್ಲಿ?” “ಬಂದೆ ಸಾರ್” ಎಂದು ಓಡಿ, ಗುಡಾಣವನ್ನು ಕಂಕುಳಲ್ಲಿಟ್ಟುಕೊಂಡು ನಡುಬೀದಿಯಲ್ಲಿ ಬಂದೆ. ಅರ್ಧ ನೀರು ನನ್ನ ಪಂಚೆಯ ಮೇಲಿತ್ತು. ಮೀನು ಬಿಟ್ಟೆವು. ಮೂರೂ ನೇರವಾಗಿ ಗಿಡದ ಬುಡಕ್ಕೇ ಹೋದವು. ಒಂದು ಮೂತಿ ಹಾಕಿ ತಳ್ಳಿತು. ಗಿಡ ಬಾಗಿತು. ಮಾದಯ್ಯ ಬೀಡಿ ಆರಿಸಿ ನಿಂತ. ಇನ್ನೊಂದು ಎಳೆಯಿತು. ಗಿಡ ಮತ್ತೆ ನೆಟ್ಟಗಾಯಿತು. ನನಗೆ ಅಳು ಬರುವಷ್ಟು ಸಂತೋಷವಾಯಿತು.

“ಭೇಷ್!” ಎಂದರು ಸಾಹೇಬರು. “ಹಿಂದೆ ಮೂರು ಸಲ ತಂದು ನೆಟ್ಟರೂ ನನ್ನ ಕೈಲೇ ನಿಲ್ಲಲಿಲ್ಲ ಕಣ್ರೀ.” ಆಮೇಲೆ ಮೇಜಿನ ಮೇಲಿದ್ದ ನನ್ನ ಅರ್ಜಿ ತೆಗೆದು ಓದಿ, ಡ್ರಾಯರಿಗೆ ಹಾಕಿದರು. “ನಿಮ್ಮನ್ನ ಕಳಿಸಿ ಇದನ್ನ ಯಾರ ಕೈಗೆ ಕೊಡಲಿ? ಇನ್ನೊಂದು ವರ್ಷ ಇರಿ.” ‘ಆಗಲ್ಲ’ ಎನ್ನಲು ಬಾಯಿ ತೆರೆದೆ. “ಆಗಲಿ ಸಾರ್” ಅಂದೆ.

ಶನಿವಾರ ಕಮಲ ಎಲ್ಲ ಕೇಳಿ, “ಹೊರಡೋಕೆ ಮುಂಚೆ ಆ ಗಿಡಗಳನ್ನ ಕಿತ್ತು ಬಿಸಾಕಿ ಬರೋಕಾಗ್ಲಿಲ್ವಾ ನಿಮಗೆ?” ಅಂದಳು. ಬಸ್ಸಿಗೆ ಹೊತ್ತಾಯಿತು ಎಂದೆ. ಸುಳ್ಳು. ಸಾಹೇಬರು ಊಟಕ್ಕೆ ಹೋದ ಹೊತ್ತು ನೋಡಿ, ತೋಳು ಮಡಿಸಿ, ಅದೇ ಉದ್ದೇಶಕ್ಕೆ ಕೈ ಇಳಿಸಿದ್ದೆ. ಬುಡದಲ್ಲಿ ಪುಟ್ಟದೊಂದು ಹೊಸ ಎಲೆ ಬಂದಿತ್ತು. ಸುತ್ತ ಮರಳು ಸ್ವಲ್ಪ ಸಡಿಲವಾದಂತೆ ಕಂಡಿತು. ಒತ್ತಿ, ಕೈ ಒರೆಸಿಕೊಂಡು ಬಂದೆ.