ತಕ್ಕಡಿಯಲ್ಲಿ ಕೂತ ನನ್ನ ಮಗಳು

ಊರವರ ಮೋಸ ಹಿಡಿಯುವುದೇ ಕಸುಬಾದವನಿಗೆ ಸ್ವಲ್ಪ ತಲೆ ತಿರುಗುವುದು ಸಹಜ. ಹುಣಸೂರಿನ ಹೊಗೆಸೊಪ್ಪಿನ ಮಂಡಿಯಲ್ಲಿ ನಾನು ತೂಕದ ಗುಮಾಸ್ತ. ಪಿರಿಯಾಪಟ್ಟಣದ ಕಡೆಯಿಂದ ಗಾಡಿ ಬಂತೆಂದರೆ, ಹೊರೆ ತಕ್ಕಡಿ ಏರುವ ಮೊದಲೇ ಅದರೊಳಗೆ ಕೈ ತೂರಿಸುತ್ತೇನೆ. ಸೊಪ್ಪಿಗೆ ನೀರು ಚಿಮುಕಿಸಿದ್ದು, ನಡುವೆ ಕಲ್ಲು ಸೇರಿಸಿದ್ದು ಎಲ್ಲ ನನ್ನ ಬೆರಳಿಗೆ ಗೊತ್ತಾಗಿಬಿಡುತ್ತದೆ. ರಾವಂದೂರಿನ ಮಲ್ಲೇಗೌಡ ಒಮ್ಮೆ ಹೊರೆಯೊಳಗೆ ಗುಂಡುಕಲ್ಲು ಇಟ್ಟು ಸಿಕ್ಕಿಬಿದ್ದಾಗ, ಮಂಡಿಯ ಜನರೆಲ್ಲರ ಎದುರು ಅವನ ಮಾನ ಹರಾಜು ಹಾಕಿದ್ದೆ. ಯಾರು ಕೇಳಲಿ ಬಿಡಲಿ, "ತೂಕದ ಗುಮಾಸ್ತ" ಎಂದು ಎದೆ ಸೆಟೆಸಿ ಹೇಳಿಕೊಳ್ಳುತ್ತಿದ್ದೆ. ಈಗ ಹೇಳಿಕೊಳ್ಳುವುದಿಲ್ಲ.

ನಮ್ಮ ಪುಟ್ಟಿಗೆ ಆಗ ಒಂದೂವರೆ ವರ್ಷ. ಕೈಕಾಲು ಹಂಚಿಕಡ್ಡಿ. ಎದುರುಮನೆ ಬಡಗಿ ಸಾಬರ ಮಗುವೂ ಅದೇ ವಯಸ್ಸಿನದು, ಅದರ ತೊಡೆಯೋ ಮಡಿಕೆ ಮಡಿಕೆ. ಅದನ್ನು ಕಂಡಾಗಲೆಲ್ಲ ನನ್ನ ಹೆಂಡತಿ ಜಯಮ್ಮನ ಮುಖ ಸಣ್ಣಗಾಗುತ್ತಿತ್ತು. "ಕೂಸು ಉಣ್ಣಾದೇ ಇಲ್ಲ ಕಣ್ರೀ, ಒಂದ್ಸಲ ಡಾಕ್ಟರಿಗೆ ತೋರ್ಸಾನ" ಎಂದಳು. ಕೈಯಲ್ಲಿ ತಕ್ಕಡಿ ಇರುವಾಗ ಡಾಕ್ಟರು ಯಾಕೆ? ಮಗುವನ್ನು ಮಂಡಿಗೆ ಎತ್ತಿಕೊಂಡು ಹೋಗಿ ಅಂಗಿ ಕುಲಾವಿ ಸಮೇತ ಕೂರಿಸಿ ತೂಗಿದೆ. ತಿಂಗಳು ಬಿಟ್ಟು ತೂಗಿದರೆ ಏರಿತ್ತು! ಮರುತಿಂಗಳು ಇನ್ನಷ್ಟು! "ತಕ್ಕಡಿಗಿಂತ ನಿನ್ನ ಕಣ್ಣು ಹೆಚ್ಚೇನೆ? ಸುಮ್ಮನಿರು" ಎಂದು ಅವಳ ಬಾಯಿ ಮುಚ್ಚಿಸಿ, ಹಮಾಲರಿಗೆಲ್ಲ ಕಡ್ಲೆಪುರಿ ಹಂಚಿದೆ.

ಒಂದು ಶನಿವಾರ, ಆಗ ನಮ್ಮಲ್ಲೇ ಇದ್ದ ಅತ್ತೆ, ಮಗುವಿಗೆ ಎಣ್ಣೆನೀರು ಹಾಕಲು ಅಂಗಿ ಬಿಚ್ಚಿದರು. ಆಮೇಲೆ ಬೆಳ್ಳಿ ಉಡಿದಾರ ಬಿಚ್ಚಿದರು, ಕಾಲಿನ ಕಡಗ, ಕಬ್ಬಿಣದ ಬಳೆ, ದರ್ಗಾದ ತಾಯತ, ಬೆಟ್ಟದಪುರದ ತಾಯತ... ಬಿಚ್ಚುತ್ತಲೇ ಇದ್ದರು. ಎಲ್ಲ ಬಿದ್ದ ತಟ್ಟೆಯನ್ನು ಎತ್ತಿ ನೋಡಿದೆ. ಅದರ ಭಾರ ಕೈಗೇ ಗೊತ್ತಾಯಿತು.

"ಇವೆಲ್ಲ ಯಾವಾಗ ಕಟ್ಟಿದ್ದು ಅತ್ತೆ?"

"ಕೂಸು ಸೊರಗ್ತಾ ಅದಲ್ಲಪ್ಪ, ದಿಷ್ಟಿ ತಗುಲೈತೆ ಅಂತ ತಿಂಗಳಿಗೊಂದು ಕಟ್ತಾ ಬಂದೆ. ನೀವು ತೂಕ ಏರ್ತಾ ಅದೆ ಅಂದ್ರಿ. ತಾಯತ ಕೈ ಹಿಡೀತು ಅಂತ ಇನ್ನೂ ಎಲ್ಡು ಕಟ್ದೆ."

ಮಗುವನ್ನು ಟವಲಿನಲ್ಲಿ ಸುತ್ತಿಕೊಂಡು ಮಂಡಿಗೆ ಓಡಿದೆ. ಬರಿಮೈಯಲ್ಲಿ ತೂಗಿದರೆ, ಅಂಗಿ ಕುಲಾವಿಯ ಲೆಕ್ಕ ಕಳೆದರೂ ಮೊದಲ ಸಲದ್ದಕ್ಕಿಂತ ಕಡಿಮೆ! ಸೊಪ್ಪು ತಂದಿದ್ದ ಮಲ್ಲೇಗೌಡ ಅಲ್ಲೇ ನಿಂತಿದ್ದ. ಹಮಾಲರಿಗೆ ನಾನು ತೊದಲುತ್ತಾ ಹೇಳಿದ್ದನ್ನೆಲ್ಲ ಕೇಳಿ, ಮೆಲ್ಲಗೆ, "ಒರೇಲಿ ಕಲ್ಲಿತ್ತಾ ಸ್ವಾಮಿ?" ಎಂದ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅಂದೇ ಜಯಮ್ಮನನ್ನೂ ಕರೆದುಕೊಂಡು ಆಸ್ಪತ್ರೆಗೆ ಹೋದೆ. ಡಾಕ್ಟರು ಹೊಟ್ಟೆ ಒತ್ತಿ ನೋಡಿ, "ಜಂತುಹುಳು. ಔಷಧಿ ಕೊಡ್ತೀನಿ, ಜೊತೆಗೆ ರಾಗಿ ಸರಿ ತಿನ್ನಿಸಿ, ಮೈ ಹಿಡಿಯುತ್ತೆ. ಪಕ್ಕೆಲುಬು ಹೀಗೆ ಕಾಣ್ತಿದ್ರೂ ಇಷ್ಟು ದಿನ ಏನ್ರೀ ಮಾಡ್ತಿದ್ರಿ?" ಎಂದರು. ನಾನು ಆ ಪಕ್ಕೆಲುಬುಗಳನ್ನೇ ನೋಡುತ್ತಾ ನಿಂತೆ. ನಾಚಿಕೆಗೆ ಕಣ್ಣು ತುಂಬಿ ಬಂತು.

"ಏನು ಕೆಲಸ ನಿಮ್ಮದು?" ಡಾಕ್ಟರು ಕೇಳಿದರು.

"ವ್ಯವಸಾಯ ಸ್ವಾಮಿ" ಎಂದೆ.

ಜಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ನಕ್ಕಳೋ ಅತ್ತಳೋ, ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.